ಕಡಲಿಲ್ಲದ ಊರಿಗೆ ಕಡಲಿನ ಬಿರುಗಾಳಿ

ತಾಳಿಕೋಟೆ ಎಂದೊಡನೆ ನಮ್ಮ ನೆನಪಿಗೆ ಬರುವುದು 1565ರ ಜನವರಿ 23ರ ಯುದ್ಧ. ಆ ಊರನ್ನು ಕಾಣದವರು ಅದೊಂದು ರಣರಂಗವೆಂದೇ ಭಾವಿಸಿದ್ದಾರೆ. ವಾಸ್ತವದಲ್ಲಿ ಕಾಳಗ ನಡೆದದ್ದು ಕೃಷ್ಣೆಯ ದಕ್ಷಿಣಕ್ಕೆ ಎಂಬುದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ವಿಜಾಪುರದಿಂದ ಹೊರಟ ಸುಲ್ತಾನರ ಸೈನ್ಯ ಬೀಡುಬಿಟ್ಟ ಊರೆಂಬ ಕಾರಣಕ್ಕೆ ತಾಳಿಕೋಟೆಯ ಹೆಸರು ಆ ಯುದ್ಧಕ್ಕೆ ಅಂಟಿಕೊಂಡಿತು.

ಆ ಬೀಡಿನ ಕಾಲವನ್ನು ಗಮನಿಸಬೇಕು. ಅದು 1564ರ ಡಿಸೆಂಬರ್ ಕೊನೆ. ಮಳೆ ನಿಂತು, ಹೊಳೆ ಇಳಿದು, ಕುದುರೆ ಮತ್ತು ಬಂಡಿಗಳು ಎರಿಮಣ್ಣಿನಲ್ಲಿ ಹೂತುಹೋಗದೆ ಸಾಗಬಹುದಾದ ಕಾಲ. ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುವ ಕಾಲವೂ ಅದೇ. ಸುಲ್ತಾನರಾಗಲಿ, ರಾಮರಾಯನಾಗಲಿ, ಇಲ್ಲಿ ಮಳೆಯ ಪಂಚಾಂಗವನ್ನು ಮೀರುವಂತಿರಲಿಲ್ಲ.

ಮುದ್ದೇಬಿಹಾಳ ತಾಲೂಕಿನಲ್ಲಿದ್ದು, ಈಗ ತಾನೇ ತಾಲೂಕು ಕೇಂದ್ರವಾಗಿರುವ ತಾಳಿಕೋಟೆ ಡೋಣಿ ನದಿಯ ದಡದ ಊರು. ಡೋಣಿ ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ವಿಜಾಪುರ ಜಿಲ್ಲೆಯನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ಇದರ ನೀರು ಉಪ್ಪು. ದಡದ ಮಣ್ಣು ಮಾತ್ರ ಬಂಗಾರ. ಡೋಣಿಸಾಲು ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಇಲ್ಲಿ ಮನೆಮಾತು.

ಈ ಬೆಳೆಯ ಬೇರು ಎಲ್ಲಿದೆ ಎಂದು ಹುಡುಕಿದರೆ ನಾವು ಕಡಲಿಗೆ ಹೋಗಬೇಕಾಗುತ್ತದೆ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಮುಂಗಾರು ಅರೆಬರೆ. ಇಲ್ಲಿನ ಬಿಳಿಜೋಳದ ಪಾಲಿಗೆ ದೊಡ್ಡ ಮಳೆಗಳು ಉತ್ತರೆ, ಹಸ್ತ, ಚಿತ್ತೆ. ಸೆಪ್ಟೆಂಬರ್‌-ಅಕ್ಟೋಬರ್‌ನ ಈ ಮಳೆಗಳಿಗೆ ಬಲ ಬರುವುದು ಬಂಗಾಳಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳಿಂದ. ನಾಲ್ಕುನೂರು ಕಿಲೋಮೀಟರಿಗೂ ದೂರದ ಆ ಕಡಲನ್ನು ನೋಡದೆಯೇ ಬಾಳು ಮುಗಿಸಿದ ರೈತನ ಕಣವನ್ನು ತುಂಬಿದ್ದೂ ಬರಿದು ಮಾಡಿದ್ದೂ ಅದೇ.

ಬರಿದಾದ ವರ್ಷಗಳಲ್ಲಿ ದೊಡ್ಡದು 1876. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಆಗ ಈ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಇಲ್ಲವಾಯಿತು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಬೆಳೆದ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುವ ಪದ್ಧತಿ ಇಂಥ ಭಯದ ನಡುವೆಯೇ ಬಾಳಿಕೊಂಡು ಬಂದದ್ದು. ಮಳೆ ತಡವಾದರೆ ಈದ್ಗಾದಲ್ಲಿ ಮಳೆಗಾಗಿ ವಿಶೇಷ ನಮಾಜು, ಓಣಿಯಲ್ಲಿ ಮಕ್ಕಳ ಗುರ್ಜಿ. ಎರಡರ ಬೇಡಿಕೆಯೂ ಒಂದೇ.

ಬೇಡಿದ್ದು ಒಮ್ಮೊಮ್ಮೆ ಅತಿಯಾಗಿಯೂ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಿಸಿಲಿಗೆ ಹೇಳಿ ಮಾಡಿಸಿದ ಮಣ್ಣಿನ ಮಾಳಿಗೆ ಮನೆಗಳು ಬಿಡದೆ ಸುರಿದ ಮಳೆಗೆ ನೆನೆದು ಕುಸಿದವು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಇತ್ತ ಬಂತು. ಉಜನಿ ಜಲಾಶಯದ ನೀರೂ ಕೂಡಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಕಡೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು.

ಡೋಣಿಯ ಕಷ್ಟ ಇನ್ನೊಂದು ಬಗೆಯದು. ಎರಿಹೊಲಗಳ ಮಣ್ಣು ವರ್ಷವರ್ಷವೂ ಕೊಚ್ಚಿ ಬಂದು ಪಾತ್ರ ಹೂಳಿನಿಂದ ತುಂಬಿದೆ; ಅದರಲ್ಲಿ ಜಾಲಿ ಬೆಳೆದಿದೆ. ಹೀಗಾಗಿ ಜೋರು ಮಳೆ ಬಿದ್ದರೆ ನದಿ ಪಕ್ಕದ ಹೊಲಗಳಿಗೆ ಹರಡುತ್ತದೆ, ತಾಳಿಕೋಟೆಯ ತಗ್ಗಿನ ಸೇತುವೆ ಮುಳುಗಿ ದಾರಿ ನಿಲ್ಲುತ್ತದೆ. ಬೆಳೆ ಕೊಟ್ಟ ಮಣ್ಣೇ ಬೆಳೆ ಮುಳುಗಿಸುವ ಸ್ಥಿತಿ ಇದು. ಹೂಳೆತ್ತಬೇಕೆಂದು ದಡದ ರೈತರು ಕೇಳುತ್ತಾ ಬಂದು ಎಷ್ಟೋ ವರ್ಷಗಳಾದವು.

ನಮ್ಮ ಮಕ್ಕಳಿಗೆ ತಾಳಿಕೋಟೆಯ ಯುದ್ಧವನ್ನು ನಾವು ಚೆನ್ನಾಗಿಯೇ ಕಲಿಸಿದ್ದೇವೆ. ಅದೂ ಎರಡು ಧರ್ಮಗಳ ಜಗಳವೆಂಬಂತೆ. ಅಲೀ ಆದಿಲ್‌ಶಾಹನೂ ರಾಮರಾಯನೂ ಒಂದು ಕಾಲದಲ್ಲಿ ಮಿತ್ರರಾಗಿ ಅಹ್ಮದ್‌ನಗರದ ಮೇಲೆ ಹೋಗಿದ್ದರು, ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ದಂಡನಾಯಕರಿದ್ದರು ಎಂಬುದನ್ನು ಹೇಳಲು ಮರೆತೆವು. ಅದೇ ನೆಲದ ಬರ, ನೆರೆ, ಹಗೇವು, ಹೂಳುಗಳ ಕಥೆಯನ್ನಂತೂ ಹೇಳಲೇ ಇಲ್ಲ. ಯುದ್ಧ ಮುಗಿದು ನಾಲ್ಕೂವರೆ ಶತಮಾನ ಕಳೆದಿದೆ. ಡೋಣಿಯ ಲೆಕ್ಕ ಮಾತ್ರ ಪ್ರತಿ ವರ್ಷ ಹಸ್ತ ಮಳೆಗೆ ಹೊಸದಾಗಿ ಶುರುವಾಗುತ್ತದೆ. ಊರಿನ ಇತಿಹಾಸ ಊರಿನವರಿಗೆ ಉಪಯೋಗಕ್ಕೆ ಬರಬೇಕೆಂದಿದ್ದರೆ, ಆ ಲೆಕ್ಕವೂ ಪಾಠದಲ್ಲಿ ಸೇರಬೇಕು.