ಶಾಲೆಯಲ್ಲಿ ಬೇರೆ ದೇಶದ ಹಬ್ಬ ಪರಿಚಯಿಸಿದರೆ ಕಾನೂನು ಮುರಿದಂತೆಯೇ?

ಡಿಸೆಂಬರ್ ಬಂತೆಂದರೆ ಪಾಲಕರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಮಾತು ಓಡಾಡತೊಡಗುತ್ತದೆ: ‘ಶಾಲೆಯಲ್ಲಿ ಪರದೇಶದ ಹಬ್ಬ ಕಲಿಸುವುದು ಕಾನೂನುಬಾಹಿರ, ಎಲ್ಲರಿಗೂ ಕಳಿಸಿ’. ಜಮಖಂಡಿಯಲ್ಲಿರಲಿ, ಬೀಳಗಿಯಲ್ಲಿರಲಿ, ಎಲ್‌ಕೆಜಿ ಮಗುವಿನ ಅಪ್ಪ-ಅವ್ವನಿಗೆ ಇದನ್ನು ಓದಿದರೆ ಗಾಬರಿಯಾಗುವುದು ಸಹಜ. ಈ ಮಾತು ಅರ್ಧ ಸತ್ಯ ಮಾತ್ರ.

ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಆದರೆ ಧರ್ಮಗಳ ‘ಬಗ್ಗೆ’ ತಿಳಿಸುವುದು ಬೇರೆ ವಿಷಯ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅಡ್ಡಿಯಿಲ್ಲ ಎಂದಿದೆ.

ಈ ಗೆರೆ ನಮ್ಮ ಭಾಗದವರಿಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ತರಗತಿಯಲ್ಲಿ ಮಕ್ಕಳು ಎತ್ತು ಮಾಡಿದರೆ ಅದು ಮಣ್ಣಿನ ಕೆಲಸ, ಬೆರಳಿಗೆ ಒಳ್ಳೆಯ ಅಭ್ಯಾಸ. ಪೂಜೆ ನಡೆಯುವುದು ಮನೆಯ ಜಗಲಿಯ ಮೇಲೆ. ಪರದೇಶದ ಹಬ್ಬಕ್ಕೂ ಇದೇ ಲೆಕ್ಕ. ಇರಾನಿನ ಹೊಸವರ್ಷ ನವ್ರೂಜ್ ಮಾರ್ಚ್ 20 ಅಥವಾ 21ಕ್ಕೆ ಬರುತ್ತದೆ. ಅದಕ್ಕೆ ಮುಂಚೆಯೇ ಮನೆಮನೆಯಲ್ಲಿ ತಟ್ಟೆಯಲ್ಲಿ ಗೋಧಿ ಮೊಳಕೆ ಬರಿಸುತ್ತಾರೆ, 13ನೇ ದಿನ ಅದನ್ನು ಹರಿಯುವ ನೀರಿಗೆ ಬಿಡುತ್ತಾರೆ. ನವರಾತ್ರಿಯ ಘಟದ ಸುತ್ತ ಮಣ್ಣಿನಲ್ಲಿ ಕಾಳು ಮೊಳೆಯುವುದನ್ನು ನೋಡಿದ ಮುಧೋಳದ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬೀಜ, ನೀರು, ಬಿಸುಪು: ವಿಜ್ಞಾನದ ಪಾಠವೂ ಅಲ್ಲೇ ಆಯಿತು.

ನಿಜವಾಗಿ ಎಚ್ಚರಿಕೆ ಬೇಕಾದದ್ದನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಜಪಾನಿನಲ್ಲಿ ಫೆಬ್ರವರಿ 3ರ ಸುಮಾರಿಗೆ ಸೆತ್ಸುಬುನ್ ಆಚರಣೆ. ಹುರಿದ ಸೋಯಾ ಕಾಳು ಎಸೆದು ದೆವ್ವ ಓಡಿಸುತ್ತಾರೆ, ವಯಸ್ಸಿನಷ್ಟು ಕಾಳು ತಿನ್ನುತ್ತಾರೆ. ಗಂಟಲಲ್ಲಿ ಸಿಕ್ಕು ಮಕ್ಕಳು ಸಾಯುವ ಅಪಾಯವಿರುವುದರಿಂದ 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಗಟ್ಟಿ ಕಾಳು ಕೊಡಬೇಡಿ ಎಂದು ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆಯೇ ಎಚ್ಚರಿಸಿದೆ. ಚಿಕ್ಕವರ ಶ್ವಾಸನಾಳ ಸಣ್ಣದು, ದವಡೆ ಹಲ್ಲಿನಿಂದ ಅಗಿಯುವುದೂ ಕಡಿಮೆ. ನಾಗರ ಪಂಚಮಿಯ ಇಡೀ ಶೇಂಗಾ, ಪುಠಾಣಿಗೂ ಇದು ಅನ್ವಯಿಸುತ್ತದೆ. ಪುಡಿ ಮಾಡಿ ಕೊಡಿ. ಆಟಕ್ಕಾದರೆ ಕಾಗದದ ಉಂಡೆ ಸಾಕು. ಸಾಂತಾ ವೇಷದ ಹತ್ತಿಯ ಗಡ್ಡ ಹಾಕಿಕೊಂಡ ಮಗುವನ್ನು ಮೇಣದಬತ್ತಿಯ ಹತ್ತಿರ ಬಿಡಬೇಡಿ, ಅದು ಬೇಗ ಹೊತ್ತಿಕೊಳ್ಳುತ್ತದೆ.

ಅಂದಹಾಗೆ, ಸಾಂತಾಗೆ ಕೆಂಪು ಬಟ್ಟೆ ತೊಡಿಸಿದ್ದು ಕೋಕಾ-ಕೋಲಾ ಎಂಬ ಫಾರ್ವರ್ಡ್ ಕೂಡ ತಪ್ಪು. ಆ ಕಂಪನಿಯ ಹೆಸರಾಂತ ಜಾಹೀರಾತು ಶುರುವಾದದ್ದು 1931ರಲ್ಲಿ. ಕೆಂಪು ಬಟ್ಟೆಯ ಸಾಂತಾ ಚಿತ್ರಗಳು ಅದಕ್ಕೂ ಮೊದಲೇ ಇದ್ದವು. ಇನ್ನು ನಮ್ಮ ದೀಪಾವಳಿ ಹೊರದೇಶದ ಶಾಲೆಗಳಿಗೂ ಹೋಗಿದೆ: ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಅಂದು ರಜೆ ಎಂದು 2023ರಲ್ಲಿ ಕಾನೂನೇ ಆಯಿತು.

ಹಾಗಾಗಿ ಫಾರ್ವರ್ಡ್ ಮಾಡುವ ಮುಂಚೆ ಟೀಚರ್ ಅವರನ್ನು ಕೇಳಿ: ಅಂದು ಮಕ್ಕಳು ಏನು ಮಾಡುತ್ತಾರೆ? ಪ್ರಾರ್ಥನೆ ಇದೆಯೇ? ತಿನ್ನಲು ಏನು ಕೊಡುತ್ತೀರಿ? ವೇಷದ ಖರ್ಚು ಯಾರದು? ಪ್ರಾರ್ಥನೆ ಇದ್ದು ನಿಮಗೆ ಬೇಡವೆನಿಸಿದರೆ, ನಿಮ್ಮ ಮಗುವನ್ನು ಅದರಿಂದ ಬಿಡುವಂತೆ ಮುಖ್ಯ ಗುರುಗಳಿಗೆ ಒಂದು ಚೀಟಿ ಬರೆದುಕೊಡಿ.