ಒತ್ತುವ ಕೈಯ ಚರಿತ್ರೆ

ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದು ಮೈಮುರಿದು ದುಡಿದು ಬದುಕಬೇಕೆಂಬ ಸಂಕಲ್ಪದಿಂದ. ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಸುಮಾರು 3900 ಎಕರೆ ಭೂಮಿಯಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಸ್ವಾವಲಂಬಿಗಳಾಗಲೆಂದು ಡಿ. ಎಸ್. ವೈಟ್ ಅವರು 1882ರಲ್ಲಿ ಈ ವಸಾಹತಿಗೆ ಅಡಿಪಾಯ ಹಾಕಿದರು. ಶತಮಾನ ಕಳೆದು 1990ರ ದಶಕದಲ್ಲಿ ಅಲ್ಲಿ ತಂತ್ರಜ್ಞಾನ ಉದ್ಯಾನ ತಲೆಯೆತ್ತಿತು. ಇಂದು ಅಲ್ಲಿಯ ದುಡಿಮೆಯ ಬಹುಪಾಲು ಕುರ್ಚಿಯ ಮೇಲೆ ಕುಳಿತು ನಡೆಯುವಂಥದು. ಕುತ್ತಿಗೆ, ಹೆಗಲು, ಸೊಂಟಗಳ ನೋವು ಆ ದುಡಿಮೆಯ ಕಾಯಂ ಒಡನಾಡಿ. ಆದ್ದರಿಂದಲೇ ರಸ್ತೆಯ ಇಕ್ಕೆಲಗಳಲ್ಲಿ ಒಂದು ಫಲಕ ‘ಅಭ್ಯಂಗ, ಶಿರೋಧಾರಾ’ ಎಂದರೆ, ಮತ್ತೊಂದು ‘ಸ್ವೀಡಿಷ್, ಥಾಯ್, ಡೀಪ್ ಟಿಶ್ಯೂ’ ಎನ್ನುತ್ತದೆ. ಹಬ್ಬಕ್ಕೊಮ್ಮೆ ಎಣ್ಣೆ ನೀರು ಹಾಕಿಸಿಕೊಳ್ಳುತ್ತಿದ್ದ ಮನೆತನಗಳ ಮಕ್ಕಳು ಈಗ ವಾರಕ್ಕೋ ತಿಂಗಳಿಗೋ ಒಮ್ಮೆ ಹಣ ತೆತ್ತು ಮಸಾಜ್ ಮಾಡಿಸಿಕೊಳ್ಳುತ್ತಾರೆ.

ಇದನ್ನು ಹೊಸ ಕಾಲದ ಶೋಕಿ ಎಂದು ತಳ್ಳಿಹಾಕುವವರುಂಟು; ನಮ್ಮ ಪ್ರಾಚೀನರ ಜ್ಞಾನ ಮರಳಿ ಬಂತೆಂದು ಹಿಗ್ಗುವವರೂ ಉಂಟು. ಆಕರಗಳನ್ನು ತೆರೆದು ಕುಳಿತರೆ ಬೇರೊಂದು ಸಂಗತಿ ಎದುರಾಗುತ್ತದೆ. ಎಣ್ಣೆ ಹಚ್ಚಿಸಿಕೊಂಡ ಮೈಯ ಚರಿತ್ರೆ ನಮ್ಮಲ್ಲಿ ಧಾರಾಳವಾಗಿದೆ; ಹಚ್ಚಿದ ಕೈಯ ಚರಿತ್ರೆ ಹುಡುಕಿದರೂ ಸಿಗುವುದು ಕಷ್ಟ.

ಮೊದಲು ಶಾಸ್ತ್ರವನ್ನು ನೋಡೋಣ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯವು ಅಭ್ಯಂಗವನ್ನು ನಿತ್ಯಕರ್ಮವಾಗಿ ವಿಧಿಸುತ್ತದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುವ ಆ ಗ್ರಂಥವೇ ಕಫದ ಬಾಧೆಯಿರುವವರಿಗೆ, ಶೋಧನ ಚಿಕಿತ್ಸೆ ಪಡೆದವರಿಗೆ, ಅಜೀರ್ಣವಿರುವವರಿಗೆ ಅದು ಸಲ್ಲದೆಂದೂ ಎಚ್ಚರಿಸುತ್ತದೆ. ಚರಕಸಂಹಿತೆ ದೇಹವನ್ನು ಎಣ್ಣೆಯುಂಡ ಮಡಕೆಗೂ ತೊಗಲಿಗೂ ಬಂಡಿಯ ಅಚ್ಚಿಗೂ ಹೋಲಿಸುತ್ತದೆ. ಜಿಡ್ಡು ಕುಡಿದ ವಸ್ತು ಬಾಳಿಕೆ ಬರುವಂತೆ ದೇಹವೂ ಶ್ರಮವನ್ನು ತಾಳಿಕೊಳ್ಳುತ್ತದೆಂಬುದು ಅದರ ತಾತ್ಪರ್ಯ. ತುಪ್ಪ, ತೈಲ, ವಸೆ, ಮಜ್ಜೆ ಎಂಬ ನಾಲ್ಕು ಸ್ನೇಹದ್ರವ್ಯಗಳನ್ನು ಆಯುರ್ವೇದ ಹೇಳುತ್ತದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಔಷಧದಿಂದಲೇ ಹೊರಗಿಟ್ಟರು. ಮಾಂಸಭಕ್ಷಣವನ್ನು ಖಂಡಿಸುವ ಅದರ ಹಿತಾಹಿತ ಅಧ್ಯಾಯವು ನೃಪತುಂಗನ ಸಭೆಯಲ್ಲಿ ಮಂಡಿತವಾದದ್ದೆಂದು ಗ್ರಂಥವೇ ಹೇಳುತ್ತದೆ. ಇಂಥ ವೈದ್ಯಪದ್ಧತಿಯಲ್ಲಿ ಪ್ರಾಣಿಜನ್ಯವಾದ ವಸೆಗೂ ಮಜ್ಜೆಗೂ ಎಡೆ ಉಳಿಯುವುದಿಲ್ಲ. ಎಳ್ಳೆಣ್ಣೆ ಮತ್ತು ತುಪ್ಪಗಳೇ ಗತಿ. ಪೂಜ್ಯಪಾದರ ವೈದ್ಯಕೃತಿಯನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದುದರಿಂದ ಈ ಅಹಿಂಸಾ ವೈದ್ಯಕ್ಕೆ ದೇಶಭಾಷೆಯ ನೆಲೆಯೂ ದೊರೆಯಿತು.

ಅರಮನೆಯ ಕಡೆ ತಿರುಗಿದರೆ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿಗುತ್ತದೆ. ಸುಮಾರು 1129ರ ಈ ಗ್ರಂಥವು ರಾಜನ ಇಪ್ಪತ್ತು ಉಪಭೋಗಗಳನ್ನು ವರ್ಣಿಸುತ್ತದೆ. ಅವುಗಳಲ್ಲಿ ಸ್ನಾನಭೋಗ ಒಂದು, ಪಾದಾಭ್ಯಂಗಭೋಗ ಮತ್ತೊಂದು. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ಅನ್ನ, ಪಾನೀಯ, ವಸ್ತ್ರ, ಶಯ್ಯೆಗಳ ಸಾಲಿನಲ್ಲಿ ಪ್ರತ್ಯೇಕ ಅಧ್ಯಾಯಕ್ಕೆ ಅರ್ಹವಾದ ರಾಜಭೋಗವಾಗಿತ್ತು ಎಂಬುದು ಗಮನಾರ್ಹ. ನಾಲ್ಕು ಶತಮಾನಗಳ ಬಳಿಕ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ದಾಖಲಿಸಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನವೇ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಬಳಿಕ ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ, ಕುದುರೆಯೇರುತ್ತಿದ್ದನಂತೆ. ಇಲ್ಲಿ ಎಣ್ಣೆ ವಿಶ್ರಾಂತಿಯ ಸಾಧನವಲ್ಲ, ವ್ಯಾಯಾಮದ ಪೂರ್ವಾಂಗ. ವೈಟ್‌ಫೀಲ್ಡಿನ ಇಂದಿನ ಗಿರಾಕಿಗೂ ರಾಯನಿಗೂ ಇರುವ ಅಂತರ ಇದೇ. ಈತ ದಣಿವಾರಿಸಿಕೊಳ್ಳಲು ಎಣ್ಣೆ ಹಚ್ಚಿಸಿಕೊಂಡರೆ ಆತ ದಣಿಯುವುದಕ್ಕಾಗಿ ಹಚ್ಚಿಕೊಳ್ಳುತ್ತಿದ್ದ.

ರಾಯನೊಡನೆ ಸೆಣಸುತ್ತಿದ್ದ ಆ ಜಟ್ಟಿಯ ಹೆಸರನ್ನು ಪಾಯೆಸ್ ಬರೆದಿಲ್ಲ. ಜೆಟ್ಟಿ ಎಂಬ ಸಮುದಾಯನಾಮವೇ ‘ಜ್ಯೇಷ್ಠಿ’ಯಿಂದ ಬಂದುದು, ಮಾನಸೋಲ್ಲಾಸದ ಮಲ್ಲವಿನೋದದಲ್ಲಿಯೂ ಮಲ್ಲರ ಮೇಲ್ದರ್ಜೆಗೆ ಜ್ಯೇಷ್ಠಿಕವೆಂದೇ ಹೆಸರು. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ಇಂದಿಗೂ ವಜ್ರಮುಷ್ಟಿ ಕಾಳಗವಾಡುವವರು ಇವರೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಜಾತಿಗಳನ್ನು ಕುರಿತು ಬರೆದ ಎಡ್ಗರ್ ಥರ್ಸ್ಟನ್, ತೆಲುಗು ಸೀಮೆಯ ಜೆಟ್ಟಿಗಳು ಮೈಯೊತ್ತಿ, ಮುಲಾಮು ತಿಕ್ಕಿ ನರಗಳ ನೋವನ್ನು ಗುಣಪಡಿಸುತ್ತಿದ್ದರೆಂದು ದಾಖಲಿಸುತ್ತಾನೆ. ಎದುರಾಳಿಯ ಕೀಲು ಎಲ್ಲಿದೆ, ಯಾವ ಕೋನದಲ್ಲಿ ಅದು ಜಾರುತ್ತದೆ ಎಂದು ಬಲ್ಲವನಿಗೆ ಅದನ್ನು ಮರಳಿ ಕೂರಿಸುವುದೂ ತಿಳಿದಿರುತ್ತದೆ. ಗರಡಿಮನೆಯ ಕೆಂಪುಮಣ್ಣಿನಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮಾಡುವ ಮಾಲೀಶು ಈ ಅನುಭವಜ್ಞಾನದ ಪಾಠಶಾಲೆ.

ಕಾವ್ಯನಾಟಕಗಳಲ್ಲಿ ಈ ಕೈಗೆ ಒಂದು ಅಪೂರ್ವ ಪಾತ್ರ ದೊರೆತಿರುವುದು ಶೂದ್ರಕನ ‘ಮೃಚ್ಛಕಟಿಕ’ದಲ್ಲಿ. ಅಂಗಮರ್ದನದಲ್ಲಿ ನೈಪುಣ್ಯವನ್ನು ವಾತ್ಸ್ಯಾಯನನು ಅರವತ್ತನಾಲ್ಕು ಕಲೆಗಳಲ್ಲಿ ಎಣಿಸಿದ್ದಾನೆ. ಪಾಟಲಿಪುತ್ರದ ಗೃಹಸ್ಥನ ಮಗನೊಬ್ಬ ಅದನ್ನು ಕಲೆಯೆಂದೇ ಕಲಿತು, ಉಜ್ಜಯಿನಿಗೆ ವಲಸೆ ಬಂದು, ಚಾರುದತ್ತನ ಮನೆಯಲ್ಲಿ ಅದನ್ನೇ ಹೊಟ್ಟೆಪಾಡಾಗಿಸಿಕೊಳ್ಳುತ್ತಾನೆ. ಒಡೆಯನ ಸಂಪತ್ತು ಕರಗಿದಾಗ ಕೆಲಸ ಹೋಗುತ್ತದೆ. ಜೂಜಿಗೆ ಬಿದ್ದು, ಸಾಲಕ್ಕೆ ಸಿಲುಕಿ, ಕೊನೆಗೆ ಬೌದ್ಧಭಿಕ್ಷುವಾಗುತ್ತಾನೆ. ಶಕಾರನು ಕೊರಳೊತ್ತಿ ಸತ್ತಳೆಂದು ಬಿಟ್ಟುಹೋದ ವಸಂತಸೇನೆಯನ್ನು ಉಳಿಸುವವನು ಈತನೇ. ನಾಟಕದ ಸುಖಾಂತವೇ ಈತನ ಕೈಯಲ್ಲಿದ್ದರೂ ಕವಿ ಈತನನ್ನು ಕರೆಯುವುದು ‘ಸಂವಾಹಕ’ ಎಂದಷ್ಟೆ. ಅದು ಕಸುಬಿನ ಹೆಸರು, ಮನುಷ್ಯನದಲ್ಲ.

ಜೈನ ಪರಂಪರೆ ಈ ವಿಷಯದಲ್ಲಿ ಎರಡು ದಿಕ್ಕಿನಿಂದ ಮಾತಾಡುತ್ತದೆ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಮೀಯದವನಿಗೆ ಅಭ್ಯಂಜನದ ಮಾತೆಲ್ಲಿ? ದೇಹದ ಚೆಲುವನ್ನು ನೆಚ್ಚಬಾರದೆಂಬುದಕ್ಕೆ ಸನತ್ಕುಮಾರ ಚಕ್ರವರ್ತಿಯ ಕಥೆ ಸಾಕ್ಷಿ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಸೇರಿದೆ. ದೇವತೆಗಳು ನೋಡಿ ಬೆರಗಾದ ಅವನ ರೂಪ ಸ್ವಲ್ಪ ಹೊತ್ತಿನಲ್ಲೇ ಕುಂದುತ್ತದೆ. ಅದನ್ನರಿತ ಚಕ್ರಿ ಎಲ್ಲವನ್ನೂ ತೊರೆದು ತಪಕ್ಕೆ ನಡೆಯುತ್ತಾನೆ. ಇದು ಒಂದು ದಿಕ್ಕು.

ಇನ್ನೊಂದು ದಿಕ್ಕು ವೈಯಾವೃತ್ಯದ್ದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಆರು ಅಭ್ಯಂತರ ತಪಸ್ಸುಗಳಲ್ಲಿ ಪ್ರಾಯಶ್ಚಿತ್ತ, ವಿನಯಗಳ ಬೆನ್ನಿಗೆ, ಸ್ವಾಧ್ಯಾಯ, ಧ್ಯಾನಗಳಿಗೂ ಮುನ್ನ ವೈಯಾವೃತ್ಯವನ್ನು, ಅಂದರೆ ಶುಶ್ರೂಷೆಯನ್ನು, ಇರಿಸುತ್ತದೆ. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಆಚಾರ್ಯನೂ ಇದ್ದಾನೆ, ರೋಗದಿಂದ ಬಳಲಿದ ‘ಗ್ಲಾನ’ನೂ ಇದ್ದಾನೆ. ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಗಾಹೆಗಳನ್ನೊದಗಿಸಿದ ಭಗವತೀ ಆರಾಧನೆಯಂತೂ ಸಲ್ಲೇಖನ ಕೈಗೊಂಡ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕ ಮುನಿಗಳನ್ನು ಹೇಳಿ ಅವರಿಗೆ ಕೆಲಸವನ್ನು ಹಂಚಿಕೊಡುತ್ತದೆ. ಅವರಲ್ಲಿ ನಾಲ್ವರ ಪಾಲಿಗೆ ಬಂದದ್ದು ಅವನ ಮೈಸವರುವುದು, ಎಬ್ಬಿಸಿ ಕೂರಿಸುವುದು, ಮಗ್ಗುಲು ಬದಲಿಸುವುದು. ತನ್ನ ಮೈಗೆ ಎಣ್ಣೆಯನ್ನು ಒಲ್ಲದ ಮುನಿ ಇನ್ನೊಬ್ಬರ ನೊಂದ ಮೈಯನ್ನು ಒತ್ತುವುದಕ್ಕೆ ಹಿಂಜರಿಯುವಂತಿಲ್ಲ. ರಾಜನಿಗೆ ಭೋಗವಾಗಿದ್ದ ಕ್ರಿಯೆ ಇಲ್ಲಿ ಮಾಡುವವನಿಗೆ ತಪಸ್ಸಾಗಿದೆ. ಲೆಕ್ಕ ತಲೆಕೆಳಗಾಗಿದೆ, ಗೌರವ ಒತ್ತುವ ಕೈಯ ಕಡೆಗೆ ಬಂದಿದೆ.

ಆಧುನಿಕ ಕಾಲದಲ್ಲಿ ಈ ಕೈ ಕಡಲನ್ನೂ ದಾಟಿತು. ಚಾಂಪ್ನಾ, ಅಂದರೆ ಒತ್ತುವುದು ಎಂಬ ಹಿಂದಿ ಮಾತು ಇಂಗ್ಲಿಷಿನಲ್ಲಿ ಶಾಂಪೂ ಆಯಿತು. ಬಿಹಾರದಿಂದ ಹೋದ ಶೇಖ್ ದೀನ್ ಮಹಮದ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಇಂಥ ಸ್ನಾನಗೃಹ ನಡೆಸಿ, 1822ರಲ್ಲಿ ಅದರ ಕುರಿತು ಪುಸ್ತಕವನ್ನೂ ಬರೆದ. ಕೈ ಹೆಸರು ಪಡೆದ ವಿರಳ ಪ್ರಸಂಗವಿದು. ನಮ್ಮ ನಾಡಿನಲ್ಲಿ 1908ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಯುರ್ವೇದ ಕಾಲೇಜು, 1989ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರರ ಹೆಸರಿನಲ್ಲಿ ತೆರೆದ ಪ್ರಕೃತಿ ಚಿಕಿತ್ಸಾ ಕಾಲೇಜು ಮೊದಲಾದವು ಈ ವಿದ್ಯೆಗೆ ಪಠ್ಯಕ್ರಮದ ಚೌಕಟ್ಟು ಕೊಟ್ಟವು.

ಆದರೆ ಮನೆಯೊಳಗಿನ ಪರಂಪರೆ ಯಾವ ಪಠ್ಯಕ್ರಮಕ್ಕೂ ಸೇರಲಿಲ್ಲ. ಬಾಣಂತಿಗೂ ಕೂಸಿಗೂ ನೀರೆರೆಯುತ್ತಿದ್ದ ಅಜ್ಜಿಗೆ ಎಲ್ಲಿ ನೀವಬೇಕು, ಎಲ್ಲಿ ತೀಡಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಬರಿದೆ ಸವರಿ ಬಿಡಬೇಕು ಎಂಬ ವಿವೇಕವಿತ್ತು. ಕನ್ನಡದಲ್ಲಿ ಈ ಒಂದೊಂದು ಕ್ರಿಯಾಪದವೂ ಬೇರೆ ಬೇರೆ ಒತ್ತಡವನ್ನು ಹೇಳುತ್ತದೆ. ‘ಮಸಾಜ್’ ಎಂಬ ಒಂದೇ ಮಾತು ಅವೆಲ್ಲವನ್ನೂ ಅಳಿಸಿಹಾಕುತ್ತಿದೆ. ಇದೇ ಕನ್ನಡದಲ್ಲಿ ‘ಕಾಲೊತ್ತುವವನು’ ಎಂಬುದು ಹೀಗಳಿಕೆಯ ಮಾತೂ ಹೌದು. ಸೇವೆಯ ಸುಖವನ್ನು ಪಡೆದ ಸಮಾಜವೇ ಸೇವೆಗೈದವರನ್ನು ಕೀಳಾಗಿ ಕಂಡದ್ದಕ್ಕೆ ಭಾಷೆಯೇ ಸಾಕ್ಷ್ಯ ನುಡಿಯುತ್ತಿದೆ.

ಇಂದು ವೈಟ್‌ಫೀಲ್ಡಿನ ತಣ್ಣನೆಯ ಕೋಣೆಗಳಲ್ಲಿ ಎಣ್ಣೆ ಹಚ್ಚುವವರಲ್ಲಿ ಅನೇಕರು ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದವರು. ಪಾಟಲಿಪುತ್ರದ ಆ ವಲಸಿಗನ ಬಂಧುಗಳು. ತಾಸುಗಟ್ಟಲೆ ನಿಂತು ಇನ್ನೊಬ್ಬರ ಬೆನ್ನುನೋವನ್ನು ಇಳಿಸುವ ಅವರ ಹೆಬ್ಬೆರಳು, ಮಣಿಕಟ್ಟು, ಸೊಂಟಗಳ ನೋವಿಗೆ ಆರೈಕೆ ಯಾರದು? ಅವರ ಕೆಲಸವನ್ನು ಅನುಮಾನದ ಕಣ್ಣಿನಿಂದ ನೋಡುವ ಸಮಾಜವೂ ನಮ್ಮದೇ. ನಿಯಮಿತ ಅಭ್ಯಂಗವನ್ನು ಆರೋಗ್ಯದ ಅಂಗವೆಂದು ಒಪ್ಪಿಕೊಂಡ ಮೇಲೆ, ಅದನ್ನು ಮಾಡುವವರ ಆರೋಗ್ಯ, ಕೂಲಿ, ಮರ್ಯಾದೆಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸ ಕಾದಿದೆ. ನೀರೆರೆಯುವ ಅಜ್ಜಿಯರ, ಗರಡಿಯ ವಸ್ತಾದರ, ಜೆಟ್ಟಿ ಮನೆತನದ ಹಿರಿಯರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಬರೆಯುವಾಗ ಹಾಳೆಯ ಮೊದಲ ಸಾಲಿನಲ್ಲಿ ಅವರ ಹೆಸರಿರಲಿ.