ಸೇನಾಧಿಕಾರಿಗಳ ಮಾಹಿತಿ ವ್ಯವಸ್ಥೆ ಶಿಕ್ಷಣ: ಮಾಂಟೆರೆ ನೌಕಾ ಶಾಲೆಯ ನಿದರ್ಶನ

ಯಂತ್ರ, ತಂತ್ರಾಂಶ ಮತ್ತು ದತ್ತಾಂಶಗಳಷ್ಟೇ ಅಲ್ಲದೆ, ಅವುಗಳನ್ನು ಬಳಸುವ ಜನರೂ ಅವರು ಪಾಲಿಸುವ ಕಾರ್ಯವಿಧಾನಗಳೂ ಸೇರಿದ ಏರ್ಪಾಡಿಗೆ ಮಾಹಿತಿ ವ್ಯವಸ್ಥೆ ಎಂಬ ಹೆಸರಿದೆ. ಆದ್ದರಿಂದ ಸೇನಾಧಿಕಾರಿಗಳಿಗೆ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ನೀಡುವುದೆಂದರೆ ಕಂಪ್ಯೂಟರ್ ನಡೆಸುವ ತರಬೇತಿಯನ್ನು ಇನ್ನೆರಡು ಮೆಟ್ಟಿಲು ಮೇಲಕ್ಕೇರಿಸುವುದೆಂದು ಅರ್ಥವಲ್ಲ. ಯಾವ ಮಾಹಿತಿಯನ್ನು ಎಷ್ಟರಮಟ್ಟಿಗೆ ನಂಬಬೇಕು, ಅದು ಯಾರಿಗೆ ಯಾವ ಹೊತ್ತಿನಲ್ಲಿ ತಲುಪಬೇಕು ಎಂಬ ವಿವೇಚನೆಯನ್ನು ಬೆಳೆಸುವುದೇ ಅದರ ತಿರುಳು.

ಅಮೆರಿಕದ ನೌಕಾ ಸ್ನಾತಕೋತ್ತರ ಶಾಲೆಯ ಚರಿತ್ರೆಯಲ್ಲಿ ಇದನ್ನು ಕಾಣಬಹುದು. 1909ರಲ್ಲಿ ಅನಾಪೊಲಿಸ್‌ನಲ್ಲಿ ಹತ್ತು ಮಂದಿ ಅಧಿಕಾರಿಗಳೊಂದಿಗೆ ನೌಕಾ ಎಂಜಿನಿಯರಿಂಗ್ ಶಾಲೆಯಾಗಿ ಆರಂಭವಾದ ಈ ಸಂಸ್ಥೆ, 1951ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಗೆ, ಹಿಂದೆ ಡೆಲ್ ಮಾಂಟೆ ಹೋಟೆಲ್ ಆಗಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಸೆಮೋರ್ ಕ್ರೇ ವಿನ್ಯಾಸಗೊಳಿಸಿದ, ಟ್ರಾನ್ಸಿಸ್ಟರ್ ಆಧಾರಿತ ಸಿಡಿಸಿ 1604 ಗಣಕಯಂತ್ರಗಳಲ್ಲಿ ಮೊದಲನೆಯದು 1960ರಲ್ಲಿ ಇಲ್ಲಿಗೇ ಬಂತು. ಮುಂದೆ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದ ಗ್ಯಾರಿ ಕಿಲ್ಡಾಲ್ ಇಲ್ಲಿ ಬೋಧಿಸಿದರು. ದೋಷ ತಿದ್ದುವ ಸಂಕೇತಗಳಿಂದ ಪ್ರಖ್ಯಾತರಾದ ರಿಚರ್ಡ್ ಹ್ಯಾಮಿಂಗ್ 1976ರಲ್ಲಿ ಇಲ್ಲಿಗೆ ಬಂದು, ಕಲಿತ ತಂತ್ರ ಹಳತಾದ ಮೇಲೂ ಕಲಿಯುತ್ತಲೇ ಇರುವುದು ಹೇಗೆಂಬುದನ್ನೇ ಪಾಠವಾಗಿಸಿದರು. ಇಲ್ಲಿಯೇ ಕಂಪ್ಯೂಟರ್ ವ್ಯವಸ್ಥೆಗಳ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಆರ್ಥರ್ ಸೆಬ್ರೌಸ್ಕಿ, 1998ರಲ್ಲಿ ಜಾನ್ ಗಾರ್ಸ್ಟ್ಕಾ ಅವರೊಡನೆ ಬರೆದ ಲೇಖನದಲ್ಲಿ ಜಾಲಕೇಂದ್ರಿತ ಯುದ್ಧ, ಅಂದರೆ ಸಂವೇದಕ, ಸೇನಾನಿ ಮತ್ತು ಶಸ್ತ್ರಗಳನ್ನು ಒಂದೇ ಜಾಲದಲ್ಲಿ ಬೆಸೆದು ಹೋರಾಡುವ ಪರಿಕಲ್ಪನೆಯನ್ನು ಮಂಡಿಸಿದರು.

ಈ ಶಿಕ್ಷಣದ ನಿಜವಾದ ಸತ್ವವಿರುವುದು ಅನುಭವ ಮತ್ತು ಶಾಸ್ತ್ರಗಳ ಕೂಡುವಿಕೆಯಲ್ಲಿ. ನಡುಗಡಲಿನ ಹಡಗೊಂದರ ಉಪಗ್ರಹ ಸಂಪರ್ಕ ಕಡಿದುಹೋದಾಗ, ಉಗ್ರಾಣದ ಕಪಾಟಿನಿಂದ ತೆಗೆದ ಪಂಪಿನ ಬಿಡಿಭಾಗವು ದಡದ ದತ್ತಸಂಚಯದಲ್ಲಿ ಇನ್ನೂ ದಾಸ್ತಾನಿನಲ್ಲೇ ಇರುವಂತೆ ತೋರುತ್ತದೆ. ಹೊಸ ಬೇಡಿಕೆ ಸಿದ್ಧವಾಗುವುದಿಲ್ಲ, ಬಿಡಿಭಾಗ ಬರುವುದಿಲ್ಲ. ಎರಡು ಪ್ರತಿಗಳಲ್ಲಿ ಯಾವುದು ಸತ್ಯ, ಸಂಪರ್ಕ ಮರಳಿದಾಗ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದು ವಿಕೇಂದ್ರಿತ ದತ್ತಸಂಚಯ ಶಾಸ್ತ್ರದ ಮೂಲಪ್ರಶ್ನೆಗಳಲ್ಲೊಂದು. ಪುಸ್ತಕದಿಂದ ಅದನ್ನು ಕಲಿಯುವ ವಿದ್ಯಾರ್ಥಿಗೆ ಅದು ತರ್ಕದ ಸಮಸ್ಯೆಯಾದರೆ, ಕೆಟ್ಟ ಪಂಪಿನ ಮುಂದೆ ನಿಂತು ಬಂದ ಅಧಿಕಾರಿಗೆ ಅದು ಕರ್ತವ್ಯದ ಸಮಸ್ಯೆ; ಅವನ ಮಹಾಪ್ರಬಂಧಕ್ಕೆ ವಿಷಯವನ್ನು ಬೇರೆಯವರು ಸೂಚಿಸಬೇಕಾಗಿಲ್ಲ.

ಪದವಿಯ ನಂತರ ನೌಕಾಪಡೆ ಅಧಿಕಾರಿಗೆ ಉಪಪರಿಣತಿಯ ಸಂಕೇತ ನೀಡಿ, ಆ ಜ್ಞಾನ ಬೇಕಾದ ಹುದ್ದೆಗೆ ನಿಯೋಜಿಸಲು ದಾರಿ ಮಾಡುತ್ತದೆ. ಪ್ರಬಂಧಗಳಲ್ಲಿ ಬಹುಪಾಲು ಕ್ಯಾಲ್ಹೂನ್ ಎಂಬ ಅಂತರ್ಜಾಲ ಭಂಡಾರದಲ್ಲಿ ಎಲ್ಲರ ಓದಿಗೆ ತೆರೆದಿದ್ದರೂ, ಭದ್ರತೆಯ ಕಾರಣದಿಂದ ಕೆಲವಕ್ಕೆ ನಿರ್ಬಂಧವಿದೆ. ನಿರ್ಬಂಧ ಅನಿವಾರ್ಯವಿರಬಹುದು, ಆದರೆ ಅಂಥ ಪ್ರಬಂಧದ ತಪ್ಪನ್ನು ಹೊರಗಿನ ವಿದ್ವಾಂಸರು ತೋರಿಸಿಕೊಡುವ ಅವಕಾಶವೂ ಅದರೊಂದಿಗೇ ಮುಚ್ಚಿಹೋಗುತ್ತದೆ.